ಎಂಟು ಹಾಸಿಗೆಯ ಹೆರಿಗೆ ಆಸ್ಪತ್ರೆ

ಶೇವರೆ ಎಂಬ ಊರಿಗೆ ನಗರಪಾಲಿಕೆ ಬಂದು ಹತ್ತು ವರ್ಷ ತುಂಬಿದ್ದು ೧೯೭೪ರಲ್ಲಿ. ಅದರ ನೆನಪಿಗೆ ಒಂದು ಪುಸ್ತಕ ತರಬೇಕೆಂದು ಅಧ್ಯಕ್ಷರು ಹೇಳಿದರು. ಊರಿನ ಪರಿಚಯ ಬರೆಯುವ ಕೆಲಸ ಕಾರಕೂನ ಬಸವಂತರಾಯನ ಪಾಲಿಗೆ ಬಂತು.

ಬಸವಂತರಾಯ ಭಾಲ್ಕಿ ಕಡೆಯವನು, ಮರಾಠಿಯಲ್ಲಿ ಓದಿದವನು. ಹದಿನಾಲ್ಕು ವರ್ಷದಿಂದ ಮಲಾಡಿನ ವಠಾರದಂಥ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಹೆಂಡತಿ ಇಂದ್ರಾಬಾಯಿಯ ಜೊತೆ ಸಂಸಾರ ಮಾಡುತ್ತಿದ್ದ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋಗಿ, ಅಲ್ಲಿಂದ ಲಾಂಚಿನಲ್ಲಿ ಶೇವರೆಗೆ ದಾಟುತ್ತಿದ್ದ. ನಡುಗಡ್ಡೆಯಂಥ ಊರು, ದಾರಿ ನೀರಿನ ಮೇಲೊಂದೇ. ಹೆಸರಿಗೆ ನಗರ, ಕಣ್ಣಿಗೆ ಕಾಣುವುದು ಮೀನು ಒಣಗಿಸುವ ಬಿದಿರಿನ ಸಾಲು, ತಾಳೆಮರ, ಉಪ್ಪಿನ ಗದ್ದೆ, ನಡುವೆ ಒಂದಿಷ್ಟು ಭತ್ತ.

ಅವನಿಗೆ ಆ ಕೆಲಸ ಹಿಡಿಸಿತು. ಆಫೀಸಿನ ಹಳೆಯ ಕಾಗದ ನೋಡಿ ಬರೆದುಬಿಡಬಹುದಿತ್ತು, ಆದರೆ ಅವನು ಒಂದು ತಿಂಗಳು ಓಣಿ ಓಣಿ ತಿರುಗಿದ. ಬಾವಿಗಳನ್ನು ಎಣಿಸಿದ, ಪ್ರತಿ ಬಾವಿಯ ನೀರು ಕುಡಿದು ಸಿಹಿಯೋ ಉಪ್ಪೋ ಎಂದು ಬರೆದುಕೊಂಡ. ಮುದುಕರನ್ನು ಕೂಡಿಸಿಕೊಂಡು ಯಾವ ಬಿರುಗಾಳಿಯಲ್ಲಿ ಎಷ್ಟು ದೋಣಿ ಹೋದವು ಎಂದು ಕೇಳಿದ. ಹತ್ತು ವರ್ಷ ಬರೀ ಕೆಲಸದ ಜಾಗವಾಗಿದ್ದ ಊರು ಆ ಒಂದು ತಿಂಗಳಲ್ಲಿ ಅವನಿಗೆ ತನ್ನದು ಅನ್ನಿಸಿತು.

ಆರೋಗ್ಯದ ಭಾಗಕ್ಕೆ ಬಂದಾಗ ಅವನು ಬರೆದದ್ದು ಹೀಗೆ: 'ಎಂಟು ಹಾಸಿಗೆಯ ಹೆರಿಗೆ ಆಸ್ಪತ್ರೆಯ ಕಟ್ಟಡ ಸಿದ್ಧವಾಗಿದೆ. ನರ್ಸಿನ ನೇಮಕ ಇನ್ನೂ ಆಗಬೇಕಿದೆ.' ಅಧ್ಯಕ್ಷರು ಎರಡನೆಯ ವಾಕ್ಯವನ್ನು ಹೊಡೆದುಹಾಕಿ, ಮೊದಲನೆಯದನ್ನು 'ಎಂಟು ಹಾಸಿಗೆಯ ಹೆರಿಗೆ ಆಸ್ಪತ್ರೆ ಒಂದು ಇದೆ' ಎಂದು ತಿದ್ದಿದರು. ಪುಸ್ತಕ ಅಚ್ಚಾಗುವಷ್ಟರಲ್ಲಿ ನರ್ಸ್ ಬರುತ್ತಾಳೆ, ಸುಮ್ಮನೆ ಊರಿನ ಮರ್ಯಾದೆ ಯಾಕೆ ಕಳೆಯಬೇಕು ಎಂದರು. ಬಸವಂತರಾಯನಿಗೂ ಅದು ಸರಿ ಎನ್ನಿಸಿತು.

ಪುಸ್ತಕ ಬಂದದ್ದು ಮೇ ತಿಂಗಳಲ್ಲಿ. ಮೊದಲ ಪ್ರತಿ ಹಿಡಿದುಕೊಂಡು ಅವನು ನೇರವಾಗಿ ತಂಗಿ ಹಾಲವ್ವನ ಗುಡಿಸಲಿಗೆ ಹೋದ.

ಹಾಲವ್ವ ಆ ಊರಿಗೆ ಬಂದು ವರ್ಷವಾಗಿತ್ತು. ಅವಳ ಗಂಡ ಬಂಡೆಪ್ಪ ಕಲ್ಲು ಒಡೆಯುವವನು, ಶೇವರೆಯಲ್ಲಿ ಲಾಂಚು ನಿಲ್ಲುವ ಹೊಸ ಧಕ್ಕೆಯ ಕೆಲಸಕ್ಕೆ ಅವನನ್ನು ಹಚ್ಚಿಸಿದವನು ಬಸವಂತರಾಯನೇ. ಹಾಲವ್ವನಿಗೆ ಈಗ ಏಳು ತಿಂಗಳು. ಚೊಚ್ಚಲು. ತಾಯಿ ಬದುಕಿದ್ದರೆ ಭಾಲ್ಕಿಗೆ ಕರೆದೊಯ್ಯುತ್ತಿದ್ದಳು. ತಾಯಿ ಇಲ್ಲದ ಮೇಲೆ ತವರು ಅಂದರೆ ಮಲಾಡಿನ ಆ ಒಂದು ಖೋಲಿ.

ಆ ಖೋಲಿಯಲ್ಲಿ ಇಂದ್ರಾಬಾಯಿ ಮೂರು ಸಲ ಹೆತ್ತಿದ್ದಳು. ಒಂದು ಕೂಸೂ ತಿಂಗಳು ದಾಟಿರಲಿಲ್ಲ. ಮೂರನೆಯದನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ತೊಟ್ಟಿಲನ್ನು ಪಕ್ಕದ ಖೋಲಿಯವರಿಗೆ ಕೊಟ್ಟುಬಿಟ್ಟಿದ್ದಳು. ಅಂಥವಳ ಮುಂದೆ ಬಸುರಿ ತಂಗಿಯನ್ನು ತಂದು ಕೂಡಿಸಿ ಬಾಣಂತನ ಮಾಡು ಅನ್ನುವುದು ಹೇಗೆ ಎಂದು ಬಸವಂತರಾಯ ಎರಡು ತಿಂಗಳಿಂದ ಒದ್ದಾಡುತ್ತಿದ್ದ. ಬಾಯಿ ಬಿಟ್ಟು ಕೇಳಿರಲಿಲ್ಲ.

"ಕನ್ನಡದಾಗ ಹೇಳಣ್ಣಾ," ಎಂದು ಹಾಲವ್ವ ಮರಾಠಿ ಪುಸ್ತಕವನ್ನು ತಿರುವಿ ನೋಡಿ ವಾಪಸು ಕೊಟ್ಟಳು.

ಅವನು ಓದುತ್ತ ಓದುತ್ತ ಕನ್ನಡಕ್ಕೆ ತಿರುಗಿಸಿ ಹೇಳಿದ. "ಜನಸಂಖ್ಯೆ ಆರು ಸಾವಿರದ ನೂರಾ ನಲವತ್ತು. ಸಾಲಿ ಎರಡು. ಬಾವಿ ಮೂವತ್ತೊಂದು, ಅದರಾಗ ಸಿಹಿನೀರಿನವು ಒಂಬತ್ತು."

"ಅಷ್ಟೂ ಬಾವಿ ನೀರು ಕುಡದು ನೋಡ್ದೇನು?"

"ಕುಡದೀನಿ."

ಅವಳು ನಕ್ಕಳು. "ಹೊಟ್ಟಿ ಕೆಡಲಿಲ್ಲ? ಮುಂದ ಹೇಳು."

"ಎಂಟು ಹಾಸಿಗೆಯ ಹೆರಿಗೆ ಆಸ್ಪತ್ರೆ ಒಂದು."

ಹಾಲವ್ವ ಪುಸ್ತಕದ ಕಡೆ ಬಗ್ಗಿ ನೋಡಿದಳು. ಆಮೇಲೆ, "ಮತ್ತ ನಾ ಮಲಾಡಿಗಿ ಯಾಕ ಬರ್ಲಿ ಅಣ್ಣಾ? ದವಾಖಾನಿ ಇಲ್ಲೇ ಅದ. ನೀನೇ ಬರ್ದೀದಿ. ಇಂದ್ರಾ ವೈನಿಗಿ ಯಾಕ ತ್ರಾಸು," ಎಂದಳು.

ನರ್ಸ್ ಇನ್ನೂ ಬಂದಿಲ್ಲ ಎಂದು ಅವನು ಆಗ ಹೇಳಬೇಕಿತ್ತು. ಮಾತು ನಾಲಿಗೆಯವರೆಗೆ ಬಂತು. ಅದರ ಹಿಂದೆಯೇ ಮನಸ್ಸಿನಲ್ಲಿ ಒಂದು ಹಗುರವೂ ಬಂತು, ಇನ್ನು ಇಂದ್ರಾಬಾಯಿಯನ್ನು ಕೇಳಬೇಕಾಗಿಲ್ಲ ಎಂದು. ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ನರ್ಸ್ ಬಂದೇ ಬರುತ್ತಾಳೆ ಎಂದುಕೊಂಡ.

"ಹ್ಞೂಂ," ಎಂದ. ಲಾಂಚಿಗೆ ಹೊತ್ತಾಯಿತೆಂದು ಎದ್ದ.

ಜೂನ್ ಮೂರನೆಯ ವಾರ ಮಳೆ ಹಿಡಿಯಿತು. ಒಂದು ದಿನ ಬೆಳಿಗ್ಗೆ ಅವನು ದಾಟಿ ಬಂದ ಲಾಂಚೇ ಕಡೆಯದಾಯಿತು. ಗಾಳಿ ಜೋರಾಗಿ ಹತ್ತು ಗಂಟೆಗೆ ಸಂಚಾರ ನಿಲ್ಲಿಸಿದರು. ಹನ್ನೊಂದರ ಹೊತ್ತಿಗೆ ಬಂಡೆಪ್ಪ ತೊಯ್ದು ತೊಪ್ಪೆಯಾಗಿ ಆಫೀಸಿನ ಬಾಗಿಲಲ್ಲಿ ನಿಂತ. ಒಂದೇ ಊರಿನವನಾದ್ದರಿಂದ ಅವನು ಮೊದಲಿನಿಂದಲೂ ಬಸವಂತರಾಯನನ್ನು ಅಣ್ಣ ಎಂದೇ ಕರೆಯುತ್ತಿದ್ದ.

"ಅಣ್ಣಾ, ಬ್ಯಾನಿ ಸುರು ಆಗ್ಯಾವ. ದವಾಖಾನಿ ಮುಂದ ಕುಂಡ್ರಿಸಿ ಬಂದೀನಿ. ಕೀಲಿ ಹಾಕ್ಯಾರ, ಯಾರೂ ಇಲ್ಲ ಅಲ್ಲಿ."

ಕೀಲಿಕೈ ಬಸವಂತರಾಯನ ಕಪಾಟಿನಲ್ಲೇ ಇತ್ತು.

ಅವನು ಓಡಿಹೋಗಿ ಬಾಗಿಲು ತೆಗೆದ. ಒಳಗೆ ಬಣ್ಣದ ವಾಸನೆ. ಎಂಟು ಕಬ್ಬಿಣದ ಮಂಚಗಳು ಕಂದು ಕಾಗದ ಸುತ್ತಿಕೊಂಡು ಸಾಲಾಗಿ ನಿಂತಿದ್ದವು. ಬಂಡೆಪ್ಪ ಒಂದರ ಕಾಗದ ಹರಿದು, ತನ್ನ ಧೋತರ ಹಾಸಿ ಹಾಲವ್ವನನ್ನು ಮಲಗಿಸಿದ. ನಲ್ಲಿ ತಿರುಗಿಸಿದರೆ ನೀರಿಲ್ಲ. ಬಂಡೆಪ್ಪ ಆ ಕೋಣೆ ಈ ಕೋಣೆ ಹೊಕ್ಕು, "ನರ್ಸಬಾಯಿ, ಓ ಬಾಯಿ," ಎಂದು ಕರೆಯುತ್ತ ತಿರುಗಿದ. ಕೀಲಿ ಹಾಕಿದ್ದು ಮುಂಬಾಗಿಲಿಗೆ ಮಾತ್ರ, ನರ್ಸ್ ಹಿಂದಿನ ಕೋಣೆಯಲ್ಲೆಲ್ಲೋ ಇರಬೇಕು ಎಂದೇ ಅವನ ತಿಳಿವಳಿಕೆ. ಅವನನ್ನು ನಿಲ್ಲಿಸಿ ಯಾರೂ ಇಲ್ಲ ಎಂದು ಹೇಳುವಷ್ಟು ಧೈರ್ಯವೂ ಬಸವಂತರಾಯನಿಗೆ ಆಗಲಿಲ್ಲ. ಅವನು ಮಳೆಯಲ್ಲಿ ಮೀನುಗಾರರ ಕೇರಿಯಾದ ಕೋಳಿವಾಡಕ್ಕೆ ಓಡಿ, ಊರಿನ ಸೂಲಗಿತ್ತಿ ರುಕ್ಮಿಣಿಬಾಯಿಯನ್ನು ಕರೆತಂದ.

ಮಧ್ಯಾಹ್ನ ಮೂರಕ್ಕೆ ಹೆಣ್ಣುಕೂಸು ಹುಟ್ಟಿತು. ದಿನ ತುಂಬದ ಕೂಸು, ಅಂಗೈಯಷ್ಟು ಇತ್ತು, ಆದರೆ ಅತ್ತಿತು. ರಕ್ತ ಮಾತ್ರ ನಿಲ್ಲಲಿಲ್ಲ. ರುಕ್ಮಿಣಿಬಾಯಿ ತನಗೆ ಗೊತ್ತಿದ್ದದ್ದೆಲ್ಲ ಮಾಡಿ, ಕೊನೆಗೆ ಹೊರಗೆ ಬಂದು, "ಡಾಕ್ಟರ್ ಪಾಹಿಜೆ," ಎಂದಳು. ಡಾಕ್ಟರು ಬೇಕು. ಡಾಕ್ಟರು ಖಾಡಿಯ ಆಚೆ ಇದ್ದರು. ಮೀನುಗಾರರು ದೋಣಿಗಳನ್ನು ಮಳೆಗಾಲಕ್ಕೆಂದು ದಂಡೆಗೆ ಎಳೆದಿಟ್ಟಿದ್ದರು. ಆದರೂ ಇಬ್ಬರು ಒಂದನ್ನು ನೀರಿಗೆ ತಳ್ಳಿ ನೋಡಿದರು. ಎರಡು ಸಲ ಅಲೆ ಅದನ್ನು ತಿರುಗಿಸಿ ದಂಡೆಗೇ ತಂದು ಹಾಕಿತು. ಮೂರನೆಯ ಸಲಕ್ಕೆ ಅವರು ಅಣಿಯಾಗುತ್ತಿದ್ದಾಗ ದಂಡೆಯ ಮೇಲಿನ ಆಸ್ಪತ್ರೆಯ ಒಳಗಿನಿಂದ ಬಂಡೆಪ್ಪನ ದನಿ ಕೇಳಿತು. ಅವನು ಅಳುತ್ತಿರಲಿಲ್ಲ, ಹೆಂಡತಿಯ ಹೆಸರು ಹಿಡಿದು ಎಬ್ಬಿಸುತ್ತಿದ್ದ.

ಮರುದಿನ ತಾಳೆತೋಪಿನ ಅಂಚಿಗೆ ಹಾಲವ್ವನನ್ನು ಮಣ್ಣು ಮಾಡಿದರು. ಎಲ್ಲರೂ ಹೋದ ಮೇಲೆ ರುಕ್ಮಿಣಿಬಾಯಿ ಬಸವಂತರಾಯನ ಪಕ್ಕ ಬಂದು ಕುಳಿತಳು.

"ನಿನ್ನ ತಂಗಿ ತಿಂಗಳ ಹಿಂದೆ ನನ್ನ ಹತ್ತಿರ ಬಂದಿದ್ದಳು," ಎಂದು ಮರಾಠಿಯಲ್ಲಿ ಹೇಳಿದಳು. "ದವಾಖಾನೆಯಲ್ಲಿ ಯಾರೂ ಇಲ್ಲ ಅಂತ ಗೊತ್ತಿತ್ತು ಅವಳಿಗೆ. ಬಾವಿಯ ಹತ್ತಿರ ಹೆಂಗಸರು ಹೇಳಿದ್ದರು. ಹೊತ್ತು ಬಂದಾಗ ನೀನೇ ಬಾ ಅಮ್ಮಾ, ನಮ್ಮ ಅಣ್ಣ ಸಂಕೋಚದವನು, ಮೂರು ಕೂಸು ಕಳಕೊಂಡು ಅತ್ತಿಗೆಯ ಒಡಲು ಬೆಂದಿದೆ, ಅವರ ಮನೆಗೆ ಹೋಗಿ ಹೆರಲಾರೆ ಅಂದಳು. ಯಾರಿಗೂ ಹೇಳಬೇಡ ಅಂದಳು. ಗಂಡನಿಗೂ ಹೇಳಿರಲಿಲ್ಲ; ನೋವು ಬಂದೊಡನೆ ಅವನು ನನ್ನನ್ನು ಕರೆಸಲೂ ಬಿಡದೆ ದವಾಖಾನೆಗೆ ಹೊತ್ತೊಯ್ದ."

ಬಸವಂತರಾಯ ಮರಳಿನ ಮೇಲೆ ಕೈಯೂರಿ ಕುಳಿತೇ ಇದ್ದ. ರುಕ್ಮಿಣಿಬಾಯಿ ಎದ್ದು ಹೋದದ್ದೂ ಅವನ ಗಮನಕ್ಕೆ ಬರಲಿಲ್ಲ.

ಗಾಳಿ ಇಳಿದ ಮೇಲೆ ಕೂಸನ್ನು ಮಲಾಡಿಗೆ ತಂದರು. ಇಂದ್ರಾಬಾಯಿ ಅದನ್ನು ಗಂಡನ ಕೈಯಿಂದ ತೆಗೆದುಕೊಂಡಳು. ಚಾಳಿನಲ್ಲೇ ಹಸುಗೂಸಿನ ತಾಯಿಯೊಬ್ಬಳಿದ್ದಳು; ದಿನಕ್ಕೆ ನಾಲ್ಕು ಸಲ ಅವಳ ಬಳಿ ಒಯ್ದು ಕುಡಿಸಿ ತರುವಳು. ಉಳಿದ ಹೊತ್ತು ಹತ್ತಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡೇ ಇರುವಳು. ತಿಂಗಳು ತುಂಬಿದ ದಿನ ಹೊರಗೆ ಕಾಲಿಡಲಿಲ್ಲ, ನೀರಿಗೂ ಹೋಗಲಿಲ್ಲ. ಅದು ದಾಟಿತು. ಎರಡು ತಿಂಗಳಾಗುವಷ್ಟರಲ್ಲಿ ಕೂಸು ಗಲ್ಲ ತುಂಬಿಕೊಂಡಿತು, ದನಿ ಕೇಳಿದತ್ತ ಕಣ್ಣು ತಿರುಗಿಸತೊಡಗಿತು. ಪಕ್ಕದ ಖೋಲಿಯವರು ತೊಟ್ಟಿಲನ್ನು ತಾವಾಗಿಯೇ ತಂದಿಟ್ಟು ಹೋದರು.

ಬಂಡೆಪ್ಪ ವಾರಕ್ಕೊಮ್ಮೆ ಬಂದು ಮಗಳನ್ನು ನೋಡಿ ಹೋಗುತ್ತಿದ್ದ. ಇಂಥ ಒಂದು ಭಾನುವಾರ ಬಸವಂತರಾಯ ಅವನನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಹೋದಾಗ ತಡೆದುಕೊಳ್ಳಲು ಆಗಲಿಲ್ಲ.

"ಬಂಡೆಪ್ಪಾ, ನರ್ಸ್ ಇಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹಾಲವ್ವಗ ಹೇಳಲಿಲ್ಲ."

ಬಂಡೆಪ್ಪ ಅವನ ಮುಖವನ್ನೇ ನೋಡಿದ. ಒಂದು ಬಸ್ಸು ಬಂದು ನಿಂತು ಹೋಯಿತು, ಅವನು ಹತ್ತಲಿಲ್ಲ.

"ನಂಗರ ಹೇಳಬೇಕಿತ್ತಣ್ಣಾ," ಎಂದ ಕೊನೆಗೆ. "ಹೊತ್ತಕೊಂಡು ಭಾಲ್ಕಿಗಿ ಒಯ್ತಿದ್ದೆ. ಅಲ್ಲಿ ನಮ್ಮವ್ವ ಇದ್ಳು."

ಮುಂದಿನ ವಾರ ಅವನ ತಾಯಿ ರುದ್ರವ್ವ ಊರಿಂದ ಬಂದಿಳಿದಳು. ಕೂಸನ್ನು ಒಯ್ಯಲು ಬಂದೀವಿ ಎಂದಳು. ಇಂದ್ರಾಬಾಯಿ ತೊಟ್ಟಿಲ ಹಗ್ಗ ಬಿಡಲಿಲ್ಲ.

"ಇರ್ಲಿ ಬಿಡ್ರಿ ಅತ್ತಿ, ಒಂದ್ ವರ್ಷ. ಅನ್ನ ಉಣ್ಣೋತನ ಆದ್ರೂ."

"ನೀ ಮಾಡಿದ್ದು ಭಾಳ ಆಯ್ತವ್ವಾ," ಎಂದಳು ರುದ್ರವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬಂಡೆಪ್ಪ ಒಪ್ಪಲ್ಲ."

ಇಂದ್ರಾಬಾಯಿ ಬಂಡೆಪ್ಪನ ಕಡೆ ನೋಡಿದಳು. ಅವನು ಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ, ಎರೆದು, ಕುಡಿಸಿ ತಂದು, ಮೂರು ಕುಲಾಯಿ, ಆರು ಲಂಗೋಟಿ ಮಡಚಿ ರುದ್ರವ್ವನ ಚೀಲಕ್ಕೆ ಹಾಕಿದಳು.

ದಾದರ್ ಸ್ಟೇಶನ್ನಿನಲ್ಲಿ ಸೊಲ್ಲಾಪುರದ ಗಾಡಿ ಹೊರಡುವವರೆಗೆ ಅವಳು ಕಿಟಕಿಯ ಸರಳಿನೊಳಗಿಂದ ಕೂಸಿನ ಕಾಲು ಹಿಡಿದೇ ನಿಂತಿದ್ದಳು. ಗಾಡಿ ಅಲುಗಿದಾಗ ಬಂಡೆಪ್ಪ ಅವಳಿಗೆ ಕೈ ಮುಗಿದ. ಬಸವಂತರಾಯನಿಗೆ ಮುಗಿಯಲಿಲ್ಲ.

ಸೇತುವೆ ಹತ್ತಿ ಇಳಿದು ಮಲಾಡಿನ ಲೋಕಲ್ ಹಿಡಿದರು. ಮಧ್ಯಾಹ್ನದ ಗಾಡಿ, ಕೂರಲು ಜಾಗ ಸಿಕ್ಕಿತು. ಬಾಂದ್ರಾ ದಾಟುವಾಗ ಬಸವಂತರಾಯ ಎಲ್ಲವನ್ನೂ ಹೇಳಿದ. ಬಂಡೆಪ್ಪನಿಗೆ ತಾನು ಒಪ್ಪಿಕೊಂಡದ್ದು, ಹಾಲವ್ವ ರುಕ್ಮಿಣಿಬಾಯಿಯ ಹತ್ತಿರ ಆಡಿದ ಮಾತು, ತಂಗಿಯನ್ನು ಮನೆಗೆ ತರುವ ವಿಷಯ ಹೆಂಡತಿಯ ಮುಂದೆ ಎತ್ತಲಾರದೆ ತಾನು ಸುಮ್ಮನಿದ್ದದ್ದು.

ಇಂದ್ರಾಬಾಯಿ ಮಡಿಲಲ್ಲಿ ಎರಡೂ ಕೈ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು.

"ನಾ ಕಾಯ್ಲತ್ತಿದ್ದೆ," ಎಂದಳು. "ಇವತ್ತು ಕೇಳ್ತೀರಿ, ನಾಳಿ ಕೇಳ್ತೀರಿ ಅಂತ. ಆಕಿ ಬರ್ತಾಳಂತ ಹಳೇ ಸೀರಿ ಹರದು ಬಟ್ಟಿ ಮಾಡಿ ಇಟ್ಟಿದ್ದೆ. ನೀವು ಬಾಯಿ ಬಿಡಲಿಲ್ಲ. ನನ್ನ ಕೈ ಕೂಸಿಗಿ ಆಗಿ ಬರಲ್ಲ ಅಂತ ನಿಮಗ ಅಂಜಿಕಿ ಇರಬೇಕು ಅಂದ್ಕೊಂಡು ನಾನೂ ಸುಮ್ನಾದೆ."

ಅವನು ಅಲ್ಲ ಎನ್ನಲು ಹೋದ. ಅವಳು ಕಿಟಕಿಯ ಕಡೆ ತಿರುಗಿದಳು.

ಮಲಾಡ್ ಬಂದಾಗ ಅವಳೇ ಮೊದಲು ಎದ್ದಳು. ಇಳಿಯುವವರ ಗದ್ದಲದಲ್ಲಿ ಅವನಿಗೆ ಕಾಯದೆ, ಸೆರಗು ಹೊದ್ದುಕೊಂಡು, ಮನೆಯ ಕಡೆ ನಡೆಯತೊಡಗಿದಳು.