ಅರ್ಧ ಕೆಂಪು, ಅರ್ಧ ನೀಲಿ

“ಆ ಕಡಿ ಬ್ಯಾಡ್ರಿ, ಕೆಂಪ ಕಡಿ ಕುಂದ್ರಸ್ರಿ. ಅತ್ತಿ ಗ್ವಾಡಿ ಅದು,” ಎಂದಳು ಶೇಖರಮ್ಮ.

ತೀರಿಕೊಂಡ ಅತ್ತೆ ಕಳಕಮ್ಮನನ್ನು ಎತ್ತಿ ತಂದವರು ಪಡಸಾಲೆಯ ನಡುವೆ ನಿಂತುಬಿಟ್ಟರು. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಪೂಜಿಸುವುದು ಅವರ ಪದ್ಧತಿ. ಆದರೆ ಗಂಗಾವತಿಯ ಈ ಮನೆಯ ಗೋಡೆ ಅರ್ಧ ಕೆಮ್ಮಣ್ಣು, ಅರ್ಧ ನೀಲಿ ಸುಣ್ಣ. ನೋಡಿದವರೆಲ್ಲ ನಗುತ್ತಿದ್ದರು. ಅತ್ತೆ ಸೊಸೆ ಮಾತ್ರ ಒಂದು ದಿನವೂ ನಕ್ಕವರಲ್ಲ.

ತನ್ನನ್ನು ಬೇರೆಯವಳೆಂದೇ ತಿಳಿದು ಅತ್ತೆ ಹೋಗಿಬಿಟ್ಟಳಲ್ಲ ಎಂಬುದೇ ಶೇಖರಮ್ಮನ ಸಂಕಟ.

*

ಶೇಖರಮ್ಮ ಕುಷ್ಟಗಿಯಿಂದ ಸೊಸೆಯಾಗಿ ಬಂದದ್ದು ಬಹಳ ವರ್ಷಗಳ ಹಿಂದೆ, ಯುದ್ಧದ ಕಾಲದಲ್ಲಿ. ಬರುವಾಗಲೇ ತವರಿನಿಂದ ನೀಲಿ ಪುಡಿಯ ಗಂಟು ಕಟ್ಟಿಕೊಂಡು ಬಂದಿದ್ದಳು.

“ಸುಣ್ಣಕ್ಕ ನೀಲಿ ಕಲಸಿ ಬಳದ್ರ ಮನಿ ತಂಪ ಕಾಣ್ತೈತ್ರಿ ಅತ್ತಿ.”

“ತಂಪ ಬೇಕಂದ್ರ ಹೊಳಿಗೆ ಹೋಗಿ ಕುಂದ್ರು. ನಮ್ಮನ್ಯಾಗ ಕೆಮ್ಮಣ್ಣ!” ಎಂದಿದ್ದಳು ಕಳಕಮ್ಮ.

ಇಬ್ಬರೂ ಮುಖ ಊದಿಸಿಕೊಂಡರು. ಸುಣ್ಣ ಬಳಿಯುವ ಓಬಳೆಪ್ಪ ಬಂದ ದಿನ ಶೇಖರಮ್ಮ ಹಟ ಬಿಟ್ಟು, ಕೆಮ್ಮಣ್ಣನ್ನೇ ಬಳಿ ಎಂದು ಅವನಿಗೆ ಮೆಲ್ಲಗೆ ಹೇಳಿದಳು. ಸಂಜೆ ನೋಡಿದರೆ ಗೋಡೆ ಇಬ್ಭಾಗ! ತಾನು ಪೂರ್ತಿ ಸೋತರೂ ಅತ್ತೆ ಗೋಡೆಗೇ ಪಾಲು ಹಾಕಿಸಿದಳು ಎಂದು ಅವಳು ನೊಂದುಕೊಂಡಳು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ; ಓಬಳೆಪ್ಪ ವರ್ಷ ವರ್ಷವೂ ಹಾಗೆಯೇ ಬಳಿಯುತ್ತ ಬಂದ.

*

ಅಂಗಳದಲ್ಲಿ ನಿಂತಿದ್ದ ಓಬಳೆಪ್ಪ ಕಣ್ಣೊರೆಸಿಕೊಂಡ. “ಕೆಂಪ ಕಡಿ ಯಾಕ್ರಿ ಯವ್ವಾ? ನೀಲಿ ಬಳಿ ಅಂದವ್ರೇ ದೊಡ್ಡವ್ವಾರು.”

“ಏನಂದಿ?”

“ನೀವು ಕೆಮ್ಮಣ್ಣ ಬಳಿ ಅಂದ್ರಿ. ಅವರು ಹಿತ್ತಲಕ್ಕ ಕರದು, ‘ಪೂರಾ ನೀಲಿ ಬಳಿಯೋ, ಹುಡುಗಿ ತವರ ನೆನಸಿ ಅಳ್ತಾಳ’ ಅಂದ್ರು. ಯಾರ ಮಾತ ಮುರೀಲ್ರಿ ನಾ? ಅರ್ಧಕ್ಕರ್ಧ ಬಳದೆ.”

ಮೂಲೆಯಲ್ಲಿ ಕುಳಿತಿದ್ದ ಮಾವ ವಿರೂಪಾಕ್ಷಪ್ಪ ತಲೆಯೆತ್ತಿದ. “ಆಕೀನೂ ಕಡೀತನಕ ಅದನ್ನ ಅಂದ್ಲವಾ, ‘ಸೊಸಿ ಗ್ವಾಡಿಗೇ ಪಾಲ ಹಾಕ್ಸ್ಯಾಳ’ ಅಂತ. ನಿಮ್ಮ ಹುಚ್ಚಿಗಿಷ್ಟು!” ಮುದುಕ ಅಳುತ್ತಲೇ ನಕ್ಕುಬಿಟ್ಟ.

ಶೇಖರಮ್ಮನಿಗೂ ತಡೆಯಲಾಗಲಿಲ್ಲ. ಗಳಗಳನೆ ಅತ್ತಳು. ಎಷ್ಟೋ ವರ್ಷಗಳ ಭಾರ ಎದೆಯಿಂದ ಇಳಿದಂತಾಯಿತು.

“ನೀಲಿ ಕಡಿ ಕುಂದ್ರಸ್ರಿ,” ಎಂದಳು. ತಾನೂ ಅತ್ತೆಯ ಪಕ್ಕದಲ್ಲೇ ಕುಳಿತಳು.

ಮಧ್ಯಾಹ್ನ ಮಣ್ಣಿಗೆ ಒಯ್ಯುವ ವಿಮಾನಕ್ಕೆ ಎತ್ತುವಾಗ ಕಳಕಮ್ಮನ ಹಸಿರು ಸೀರೆಗೆ ನೀಲಿ ಸುಣ್ಣ ಮೆತ್ತಿತ್ತು. ಯಾರೋ ಕೊಡವಲು ಹೋದರು.

“ಇರ್ಲಿ ಬಿಡ್ರಿ,” ಎಂದು ಶೇಖರಮ್ಮ ಅವರ ಕೈ ಹಿಡಿದಳು.

ಬೆನ್ನ ತುಂಬ ನೀಲಿ ಹೊತ್ತು ಕಳಕಮ್ಮ ಹೊಸ್ತಿಲು ದಾಟಿದಳು.