ಗೆರೆ ದಾಟಿದ ಗಾಳಿಕೋವಿ

ಕಾಲ್ಡರ್ ಕಣಿವೆಯ ಮೇಲಿನ ಕುರಿಗಾವಲಿನಲ್ಲಿ ಗುರಿ ಹೊಡೆಯುವ ಕೂಟ ನಡೆಸುವವರು ರಾಯ್ಸ್ಟನ್ ಗ್ರೀನ್‌ಹಾಲ್‌ನ ಈ ಕಥೆಯನ್ನು ಇಂದಿಗೂ ಚಹಾದ ಜೊತೆಗೆ ಹೇಳಿಕೊಳ್ಳುತ್ತಾರೆ. ರಾಯ್ಸ್ಟನ್‌ಗೆ ಬೇಕಾಗಿದ್ದುದು ಒಂದೇ ಒಂದು: ತನ್ನ ಹೆಂಡತಿ ಎನಿಡ್‌ಳ ಅಣ್ಣ ಹೆಡ್ಲಿ ಸಟ್‌ಕ್ಲಿಫ್‌ನ ಗಾಳಿಕೋವಿ. ಮುಳುಗುಗಾರರ ಸಿಲಿಂಡರಿನಿಂದ ಗಾಳಿ ತುಂಬಿಸುವ ಕೋವಿಗಳು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಒಬ್ಬ ಕುಶಲಿ ತನ್ನ ಶೆಡ್ಡಿನಲ್ಲಿ ಕಡೆದದ್ದು ಅದು. ಅವನ ನಂತರ ಅಂಥದ್ದನ್ನು ಯಾರೂ ಮಾಡಲಿಲ್ಲ.

ಕೇಳಿದಾಗಲೆಲ್ಲ ಹೆಡ್ಲಿಯ ಉತ್ತರ ಒಂದೇ. "ನನ್ನ ಹಲ್ಲಿನ ಸೆಟ್ ಬೇಕಾದ್ರೆ ತಗೊಂಡು ಹೋಗು. ಕೋವಿ ಮಾತ್ರ ಕೇಳ್ಬೇಡ."

ಹೆಡ್ಲಿಯ ಕೈಗಳು ನಡುಗತೊಡಗಿದ ವರ್ಷ ಕೋವಿಯ ರಬ್ಬರ್ ರಿಂಗುಗಳೂ ಸವೆದವು. ಸಂಜೆ ತುಂಬಿಸಿದ ಗಾಳಿ ಬೆಳಗಾಗುವಷ್ಟರಲ್ಲಿ ಸೋರಿಹೋಗುತ್ತಿತ್ತು.

"ಕೊಡಿ ಭಾವ, ರಿಂಗು ನಾನು ಹಾಕ್ತೀನಿ," ಎಂದ ರಾಯ್ಸ್ಟನ್.

"ಸಿಲಿಕೋನ್ ಗ್ರೀಸು ಮಾತ್ರ. ಬೇರೆ ಎಣ್ಣೆ ಒಂದು ತೊಟ್ಟು ತಾಗಿದ್ರೂ ನಿನ್ನ ಬೆರಳು ಮುರೀತೀನಿ."

"ನಡುಗೋ ಕೈಯಲ್ಲಾ?"

ಹೆಡ್ಲಿ ನಕ್ಕು ಕೋವಿ ಕೊಟ್ಟ.

ರಾಯ್ಸ್ಟನ್ ರಿಂಗುಗಳನ್ನು ಶ್ರದ್ಧೆಯಿಂದ ಬದಲಾಯಿಸಿದ. ಆಮೇಲೆ ಗುಂಡಿನ ಹಿಂದೆ ಗಾಳಿ ಬಿಡುವ ಕವಾಟವನ್ನು ಬಡಿಯುವ ಸುತ್ತಿಗೆಯ ಸ್ಪ್ರಿಂಗನ್ನೂ ತೆಗೆದು ಬಿರುಸಾದ ಇನ್ನೊಂದನ್ನು ಇಟ್ಟ. ಆ ಹಳೆಯ ಕೋವಿಗಳ ಸ್ವಭಾವ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ಪೂರ್ತಿ ತುಂಬಿದ್ದಾಗ ಅದರ ಒತ್ತಡವೇ ಕವಾಟವನ್ನು ಬಿಗಿಹಿಡಿಯುತ್ತದೆ, ಗುಂಡು ಮೆಲ್ಲಗೆ ಹೋಗುತ್ತದೆ. ಗಾಳಿ ಅರ್ಧಕ್ಕಿಳಿದಾಗಲೇ ವೇಗ ತುದಿಗೇರುತ್ತದೆ. ಸ್ಪ್ರಿಂಗ್ ಬಿರುಸಾಗಿದ್ದರೆ, ಬೆಳಗಿನ ತಪಾಸಣೆಯಲ್ಲಿ ಸಾಧುವಾಗಿರುವ ಕೋವಿ ಮಧ್ಯಾಹ್ನದ ಹೊತ್ತಿಗೆ, ಪರವಾನಗಿಯಿಲ್ಲದ ಕೋವಿಯ ಬಲಕ್ಕೆ ಕಾನೂನು ಎಳೆದ ಗೆರೆ ದಾಟಿರುತ್ತದೆ.

ಯಾವ ಕೋವಿಯಾದರೂ ಗೆರೆ ದಾಟಿದರೆ ಕೂಟವನ್ನೇ ಅಲ್ಲಿಂದ ಎಬ್ಬಿಸುತ್ತೇನೆಂದು ಕುರಿಗಾವಲಿನ ಒಡೆಯ ಹಿಂದೊಮ್ಮೆ ಬೆದರಿಸಿದ್ದ. ಅಂದಿನಿಂದ ಒಂದು ಕಟ್ಟಳೆ ನಡೆದುಬಂದಿತ್ತು: ಅಂಥ ಕೋವಿ, ಬಲವಾದ ಆಯುಧಕ್ಕೆ ಪೊಲೀಸರ ಪರವಾನಗಿಯುಳ್ಳ ಸದಸ್ಯನಿಗೆ ಆ ದಿನವೇ ಶಾಶ್ವತವಾಗಿ ಸೇರಬೇಕು; ಇಲ್ಲವೇ ಎಲ್ಲರೆದುರು ಬೆಂಚಿನ ಮೇಲೆ ಗರಗಸಕ್ಕೆ ಸಿಗಬೇಕು. ಪರವಾನಗಿ ಇದ್ದದ್ದು ರಾಯ್ಸ್ಟನ್ ಒಬ್ಬನಿಗೇ.

ಮುಂದಿನ ಪಂದ್ಯದ ನಡುವೆ, ಹಂದಿಮಾಂಸದ ಪೈ ಹಂಚುವ ಹೊತ್ತಿಗೆ, ಅವನು ಕಾರ್ಯದರ್ಶಿ ಮಾವಿಸ್ ಓಲ್ಡ್‌ರಾಯ್ಡ್‌ಳ ಬಳಿ ಹೋದ.

"ಭಾವನ ಕೋವಿ ಸದ್ದು ಯಾಕೋ ಜೋರಾಗಿದೆ. ಒಂದ್ಸಲ ಅಳೆದುಬಿಡಿ ಮಾವಿಸಮ್ಮ, ನಾಳೆ ಮಾತು ಬರೋದು ಬೇಡ."

ಮಾವಿಸ್ ವೇಗಮಾಪಕವನ್ನಿಟ್ಟಳು. ಹೆಡ್ಲಿ ಹೊಡೆದ. ಅವಳು ಅಂಕಿಯನ್ನು ನೋಡಿ, ಮತ್ತೆ ಹೊಡೆಯಲು ಹೇಳಿ, ಕನ್ನಡಕ ತೆಗೆದಳು.

"ದಾಟಿದೆ ಹೆಡ್ಲಿ. ಚೆನ್ನಾಗೇ ದಾಟಿದೆ."

ಹೆಡ್ಲಿ ಕೋವಿಯ ಬೆನ್ನನ್ನು ಸವರಿದ. ಹೊಸ ರಿಂಗು ಗಾಳಿಯನ್ನು ಹಿಡಿದಿಡುತ್ತದೆ, ಗುಂಡಿಗೆ ಕಸುವು ಕೊಡುವುದಿಲ್ಲ. ಸ್ಪ್ರಿಂಗ್ ಮಾತ್ರ ಕೊಡುತ್ತದೆ. ಅವನು ನಿಧಾನವಾಗಿ ತಲೆಯೆತ್ತಿ ತಂಗಿಯ ಗಂಡನನ್ನು ನೋಡಿದ. ರಾಯ್ಸ್ಟನ್ ಆಗಲೇ ಕೈ ಚಾಚಿದ್ದ.

"ಚಿಂತೆ ಬೇಡಿ ಭಾವ, ನಾನಿದ್ದೀನಲ್ಲ. ನಮ್ಮನೇಲೇ ಇರುತ್ತೆ, ಬಂದು ನೋಡ್ಬಹುದು."

"ಗರಗಸ ತನ್ನಿ," ಎಂದ ಹೆಡ್ಲಿ.

"ಭಾವ, ಹುಚ್ಚಾ?"

"ಕಟ್ಟಳೆ ಕಣಯ್ಯ. ಎರಡರಲ್ಲಿ ಒಂದು, ಆಯ್ಕೆ ಕೋವಿಯವನದು. ಹೌದೋ ಅಲ್ವೋ ಮಾವಿಸ್?"

"ಹೌದು," ಎಂದಳು ಅವಳು.

"ಆದ್ರೆ ನನ್ನ ಕೈ ನಡುಗತ್ತೆ. ನೀನೇ ಕೊಯ್ಯಿ ರಾಯ್ಸ್ಟನ್. ಒಳಗೆ ಕೈಯಾಡಿಸಿದವನು ನೀನೇ ತಾನೆ?"

ಒಲ್ಲೆನೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ರಾಯ್ಸ್ಟನ್ ಉಳಿದ ಗಾಳಿಯನ್ನು ಬಿಟ್ಟ. ಅದು ದೀರ್ಘವಾಗಿ ಸುಯ್ದು ಬರಿದಾಯಿತು. ನಳಿಗೆಯನ್ನು ಇಕ್ಕಳಕ್ಕೆ ಬಿಗಿದು ಗರಗಸವಿಟ್ಟ.

"ಮೆಲ್ಲಗೆ. ಹಲ್ಲು ಕಚ್ಚಲಿ," ಎಂದ ಹೆಡ್ಲಿ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತ.

ಗರಗಸ ಅರ್ಧಕ್ಕೆ ಹೋದಾಗ ಅವನು ಸಲೀಸಾಗಿ ಇನ್ನೊಂದು ಮಾತು ಸೇರಿಸಿದ. "ನಾನು ಸತ್ಮೇಲೆ ನಿನಗೇ ಅಂತ ಎನಿಡ್‌ಗೆ ಹೇಳಿಟ್ಟಿದ್ದೆ. ಕೇಳ್ನೋಡು."

ಈ ಮಾತು ನಿಜವೋ, ಹೆಡ್ಲಿ ಆ ಕ್ಷಣಕ್ಕೆ ಹೊಸೆದದ್ದೋ ಎಂಬ ಬಗ್ಗೆ ಕಥೆ ಹೇಳುವವರಲ್ಲಿ ಒಮ್ಮತವಿಲ್ಲ. ರಾಯ್ಸ್ಟನ್ ಮನೆಗೆ ಹೋಗಿ ಹೆಂಡತಿಯನ್ನು ಕೇಳಲಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ನಳಿಗೆಯ ತುಂಡು ಹುಲ್ಲಿಗೆ ಬಿತ್ತು. ರಾಯ್ಸ್ಟನ್ ಗರಗಸ ಕೆಳಗಿಟ್ಟ.

"ಹಿಡಿ ಉಳೀತಲ್ಲ," ಎಂದ ಹೆಡ್ಲಿ. "ವಾಲ್ನಟ್ ಮರ. ಅದನ್ನೂ ಕೊಯ್ಯಿ."