ಕರಿಕಂಬಳಿಯ ಹೆಬ್ಬೆರಳು

ಹೊದಿಕೆಯನ್ನು ತಲೆಯ ಕಡೆಗೆ ಎಳೆದರೆ ಪಾದ ಹೊರಗೆ ಬರುತ್ತಿತ್ತು, ಪಾದದ ಕಡೆಗೆ ಎಳೆದರೆ ಹಣೆ. ಸೋದರತ್ತೆ ಎಳೆದೂ ಎಳೆದೂ ಸಾಕಾಗಿ ಕೈಬಿಟ್ಟಳು.

"ಬದುಕಿದ್ದಾಗ್ಲೂ ಹೀಗೇ. ಯಾವ ಮಂಚಕ್ಕೂ ಸರಿಹೋದವನಲ್ಲ ನಮ್ಮಣ್ಣ."

ಮಗಳು ಅಪ್ಪನ ಬಲಗಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಅಲ್ಲಾಡಬೇಕಿತ್ತು.

ರಸ್ತೆ ಮೂಲೆಯಲ್ಲಿ ಕೂತು ಬೀಗ ರಿಪೇರಿ ಮಾಡುತ್ತಿದ್ದ ಮನುಷ್ಯ. ಬೀಗದಣ್ಣ ಎಂದರೆ ಎಲ್ಲರಿಗೂ ಗೊತ್ತು, ಸ್ವಂತ ಹೆಸರು ಕೇಳಿದರೆ ಬೀದಿಗೆ ಬೀದಿಯೇ ತಬ್ಬಿಬ್ಬು. ನಿನ್ನೆ ಬೆಳಗ್ಗೆ ಕೆಲಸಕ್ಕೆ ಹೊರಟವನು ಚಪ್ಪಲಿ ಮೆಟ್ಟಲು ಬಗ್ಗಿ ಹಾಗೇ ಕುಸಿದಿದ್ದ.

"ಕೀ ಒಳಗಿಟ್ಟು ಹೊರಗೆ ನಿಲ್ಲೋದು ನನ್ನ ಚಾಳಿ," ಎಂದರು ಬಟ್ಟೆ ಅಂಗಡಿಯವರು. "ಪಾಪ, ಎಷ್ಟು ಸಲ ಬಂದು ತೆಗೆದುಕೊಟ್ಟ. ಒಂದು ದಿನಾನೂ ನಕ್ಕವನಲ್ಲ."

"ನಿಮ್ಮೆದುರಿಗೆ ನಗ್ತಿರ್ಲಿಲ್ಲ," ಎಂದಳು ಅತ್ತೆ. "ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಗ್ತಿದ್ದ."

ಅವರು ಪೆಚ್ಚಾಗಿ ಮಗಳ ಕಡೆ ತಿರುಗಿದರು. "ಪೇಪರಿನಲ್ಲಿ ನಿನ್ನ ಚಿತ್ರಕತೆ ತಪ್ಪದೆ ನೋಡ್ತೀನಮ್ಮ. ಆ ಕರಿಕಂಬಳಿ ಕೂರೋದೆಲ್ಲ ಥೇಟ್ ನಿಮ್ಮಪ್ಪನ ಹಾಗೇ. ಈ ಭಾನುವಾರ ಅದು ಸಾಯುತ್ತಂತಲ್ಲ? ನಿಮ್ಮಪ್ಪನೇ ಹೇಳಿದ್ದ, ತುಂಬ ಖುಷಿಯಾಗಿದ್ದ."

ಮಗಳ ಕಣ್ಣು ಮತ್ತೆ ಆ ಹೆಬ್ಬೆರಳಿಗೆ ಹೋಯಿತು.

*

ಮನಸ್ಸು ಕುಗ್ಗಿ ಅವಳಿಗೆ ಹಾಸಿಗೆ ಬಿಟ್ಟೇಳಲಾಗದ ದಿನಗಳವು. ಅಪ್ಪ ಅವಳ ಕೋಣೆಯ ಒಳಗಿನ ಚಿಲಕ ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದ. ಡಾಕ್ಟರ ಮಾತ್ರೆಯ ಜೊತೆಗೆ ಅವಳು ತನ್ನದೇ ಕತೆ ಬರೆಯತೊಡಗಿದಳು, ಚಿತ್ರಗಳಲ್ಲಿ. ಚಿತ್ರದ ಹುಡುಗಿಯ ಎದೆಯ ಮೇಲೆ ದಿನಾ ಬೆಳಗ್ಗೆ ಕರಿಕಂಬಳಿ ಹೊದ್ದ ಒಂದು ಆಕಾರ ಬಂದು ಕೂರುತ್ತಿತ್ತು.

ಕಂಡದ್ದನ್ನಲ್ಲದೆ ಬರೆಯಲು ಅವಳಿಗೆ ಬಾರದು. ಹಾಗಾಗಿ ಅಪ್ಪ ಕೆಲಸ ಮುಗಿಸಿ ಬಂದು, ಕೈಗೆ ಹತ್ತಿದ ಎಣ್ಣೆ ತೊಳೆದು, ಕಂಬಳಿ ಹೊದ್ದುಕೊಳ್ಳುತ್ತಿದ್ದ. "ಇವತ್ತು ಎಲ್ಲಿ ಕೂರ್ಲಿ?"

ಸ್ವಲ್ಪ ಹೊತ್ತಿಗೆ ಕಂಬಳಿಯೊಳಗಿನಿಂದ ದನಿ. "ನಿನ್ನ ದುಃಖಕ್ಕೆ ಇಷ್ಟು ಬೆವರು ಬರುತ್ತೆ ಅಂತ ಗೊತ್ತಿರ್ಲಿಲ್ಲ ಕಣೆ."

ಹೋದ ವಾರ ಕೊನೆಯ ಪುಟ. ಕರಿಕಂಬಳಿ ಸಾಯಬೇಕು. ಅಪ್ಪ ನೆಲದ ಮೇಲೆ ಉದ್ದಕ್ಕೆ ಮಲಗಿದ. ಕಂಬಳಿಯಿಂದಾಚೆ ಹೆಬ್ಬೆರಳು ಕುಣಿಯುತ್ತಿತ್ತು.

"ಅಲ್ಲಾಡ್ಬೇಡಪ್ಪ. ನೀನು ಸತ್ತಿದ್ದೀಯ."

"ಸತ್ತಿದ್ದೀನಿ ಕಣೆ. ಬೆರಳಿಗಿನ್ನೂ ಸುದ್ದಿ ಮುಟ್ಟಿಲ್ಲ."

ಎಷ್ಟೋ ಕಾಲದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಆ ಬೆರಳನ್ನೂ ಬರೆದಳು. ಆಮೇಲೆ, ಇದರಿಂದ ಚಿತ್ರ ಕೆಡುತ್ತದೆ ಎಂದು ರಬ್ಬರಿನಿಂದ ಅಳಿಸಿಬಿಟ್ಟಳು.

*

ಗಾಡಿ ಬಂತು, ಎತ್ತಿದರು, ಹೋದರು, ಎಲ್ಲ ಮುಗಿಯಿತು. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಒಂದೇ. ಅಲ್ಲಾಡಬೇಡ ಎಂದವಳು ತಾನೇ. ಅಪ್ಪ ತನ್ನ ಮಾತನ್ನು ಎಂದೂ ತೆಗೆದುಹಾಕಿದವನಲ್ಲ.

ಸಂಜೆ ಅತ್ತೆ ಬಾಗಿಲಲ್ಲಿ ನಿಂತಳು. "ಪುಟ್ಟಿ, ಆ ಕಂಬಳಿ ಕೊಡು. ಅದನ್ನೂ ಯಾರಿಗಾದ್ರೂ ಕೊಟ್ಬಿಡೋಣ."

"ಬೇಡ ಅತ್ತೆ. ಇರಲಿ."

ಅತ್ತೆ ಬಾಗಿಲು ಎಳೆದುಕೊಂಡು ಹೋದಳು. ಚಿಲಕವಿಲ್ಲದ ಬಾಗಿಲು, ಮೆಲ್ಲಗೆ ತಾನಾಗಿಯೇ ತೆರೆದುಕೊಂಡಿತು. ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ, ಕುರ್ಚಿಯ ಮೇಲೆ ಕಂಬಳಿಯೊಂದೇ ಕೂತಿತ್ತು.

ಮೇಜಿನ ಮೇಲೆ ಆ ಪುಟ. ಪೆನ್ಸಿಲ್ ಗೆರೆಗಳ ಮೇಲೆ ಇಂಕು ಹಾಕಿ ಕಳಿಸಿದರೆ ಆಯಿತು, ಕರಿಕಂಬಳಿಯ ಕತೆ ಅಲ್ಲಿಗೆ ಮುಗಿಯುತ್ತದೆ. ಅವಳು ಕಾದಿದ್ದದ್ದೂ ಅದಕ್ಕೇ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಅಳಿಸಿದ ಬೆರಳಿನ ಗುರುತು ಕಾಗದದಲ್ಲಿ ತಗ್ಗಾಗಿ ಹಾಗೇ ಉಳಿದಿತ್ತು.

ಅದನ್ನು ಬರೆದರೆ ಕರಿಕಂಬಳಿ ಸಾಯುವುದಿಲ್ಲ. ಬೆಳಗಾದರೆ ಮತ್ತೆ ಎದೆಯ ಮೇಲೆ ಬಂದು ಕೂರುತ್ತದೆ. ಅದು ಗೊತ್ತಿದ್ದೂ ಲೇಖನಿಯನ್ನು ಇಂಕಿನಲ್ಲಿ ಅದ್ದಿದಳು. ಎಲ್ಲಕ್ಕಿಂತ ಮೊದಲು ಹೆಬ್ಬೆರಳು. ಆಮೇಲೆ ಅದರ ಆಚೆಗೊಂದು ಈಚೆಗೊಂದು ಪುಟ್ಟ ಬಾಗು ಗೆರೆ, ಅದು ಅಲ್ಲಾಡುತ್ತಿದೆ ಎಂದು ತೋರಿಸಲು.